ಚಹಾದಲ್ಲಿ ಬೇಯಿಸಿದ ಹಣ್ಣು: ಹೊತ್ತು ನೋಡಿ ತಿಂದರೆ ಹಿತ

ಆಯುಧಪೂಜೆ ಮುಗಿದ ಮರುದಿನ ನಮ್ಮ ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದ ಕಡೆ ಯಾವ ಮನೆಗೆ ಹೋದರೂ ಒಂದು ದೃಶ್ಯ ತಪ್ಪುವುದಿಲ್ಲ. ಲೇತ್ ಶೆಡ್ಡಿನಿಂದ, ಗಾರ್ಮೆಂಟ್ಸ್‌ನಿಂದ, ಆಟೋ ಸ್ಟ್ಯಾಂಡಿನಿಂದ ಪ್ರಸಾದವೆಂದು ಬಂದ ಕಡಲೆಪುರಿ, ಸಿಹಿಯ ಪೊಟ್ಟಣ, ಬಾಳೆಹಣ್ಣು, ಸೇಬು ಎಲ್ಲವೂ ಒಟ್ಟಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿರುತ್ತವೆ. ಪುರಿ ಮಕ್ಕಳ ಪಾಲಾಗುತ್ತದೆ. ಸಿಹಿ ಎರಡು ದಿನದಲ್ಲಿ ಖಾಲಿ. ಸೇಬು ಮಾತ್ರ ಫ್ರಿಜ್ಜಿನ ಮೂಲೆ ಸೇರಿ, ಸಿಪ್ಪೆ ಸುಕ್ಕಾಗಿ, ಕೊನೆಗೆ ಕಸದ ಬುಟ್ಟಿಯ ದಾರಿ ಹಿಡಿಯುತ್ತದೆ. ಅಷ್ಟರಲ್ಲಿ ದೀಪಾವಳಿ ಬಾಗಿಲಲ್ಲಿ ನಿಂತಿರುತ್ತದೆ, ಮತ್ತೆ ಸಿಹಿಯ ಪೊಟ್ಟಣಗಳು ಬರುತ್ತವೆ.

ಈ ವಾರ ಆ ಸೇಬನ್ನು ಸದುಪಯೋಗ ಮಾಡುವ ಒಂದು ತಿನಿಸನ್ನು ನಿಮಗೆ ಹೇಳಬೇಕೆಂದಿದ್ದೇನೆ. ತೆಳುವಾದ ಚಹಾದ ಡಿಕಾಕ್ಷನ್ನಿನಲ್ಲಿ ಹಣ್ಣನ್ನು ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸುವುದು, ಅಷ್ಟೇ. ಆರೋಗ್ಯದ ಅಂಕಣದಲ್ಲಿ ಅಡುಗೆಯೇಕೆ ಎಂದು ನೀವು ಕೇಳಬಹುದು. ಈ ಒಂದು ಬಟ್ಟಲು ತಿನಿಸಿನ ಸುತ್ತ, ದಿನವೂ ನಮ್ಮಂಥ ವೈದ್ಯರ ಮುಂದೆ ಬರುವ ಮೂರು ಸಂಗತಿಗಳಿವೆ. ಹಬ್ಬದ ದಿನಗಳ ಸಕ್ಕರೆ ಒಂದು. ಹಲ್ಲಿಲ್ಲದೆ ಹಣ್ಣನ್ನೇ ಬಿಟ್ಟ ವೃದ್ಧರು ಎರಡನೆಯದು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಚಹಾಕ್ಕೂ ರಕ್ತಹೀನತೆಗೂ ಇರುವ ನಂಟು. ಈ ಮೂರನ್ನೂ ತಿಳಿದು ಮಾಡಿದರೆ ಇದು ಹಿತವಾದ ಸಿಹಿ. ತಿಳಿಯದೆ ಊಟದ ಕೊನೆಗೆ ಬಡಿಸಿದರೆ ಅದೇ ಹಣ್ಣು ಮನೆಯ ಹೆಣ್ಣುಮಕ್ಕಳಿಗೆ ಅಷ್ಟು ಒಳ್ಳೆಯದಲ್ಲ.

ಎಲ್ಲಿಂದ ಬಂತು ಈ ತಿನಿಸು?

ಯುರೋಪಿನಲ್ಲಿ ಮರಗಳ ಎಲೆ ಉದುರುವ ಕಾಲವೇ ಮರಸೇಬು ಕೀಳುವ ಕಾಲ. ನಮ್ಮ ಹಣ್ಣಿನ ಅಂಗಡಿಯವರು ಪೇರ್ಸ್ ಎನ್ನುವುದು ಇದನ್ನೇ. ಫ್ರಾನ್ಸಿನವರು ಗಟ್ಟಿಯಾದ ಮರಸೇಬನ್ನು ಕೆಂಪು ದ್ರಾಕ್ಷಾರಸದಲ್ಲಿ ಚಕ್ಕೆ, ಲವಂಗ, ಸಕ್ಕರೆ ಹಾಕಿ ಬೇಯಿಸುತ್ತಾರೆ. ಮದ್ಯ ಬೇಡವೆನ್ನುವವರು ಅದರ ಬದಲು ಚಹಾ ಬಳಸಬಹುದು. ಬಣ್ಣವೂ ಬರುತ್ತದೆ, ಸಿಹಿಯ ಜೊತೆ ತುಸು ಒಗರೂ ಬರುತ್ತದೆ.

ನಮ್ಮಲ್ಲಿ ಅದು ಶರದೃತು, ಆಶ್ವಯುಜ ಮತ್ತು ಕಾರ್ತಿಕ ಮಾಸ. ಸಂಜೆಯ ಮಳೆ ಇನ್ನೂ ಬಿಟ್ಟಿರುವುದಿಲ್ಲ, ರಾತ್ರಿಗೆ ತಣ್ಣಗಿನ ಗಾಳಿ. ಆಯುರ್ವೇದದ ಗ್ರಂಥಗಳು ಈ ಋತುವಿಗೆ ಹೇಳುವ ರಸಗಳು ಸಿಹಿ, ಕಹಿ ಮತ್ತು ಒಗರು. ನಾನು ಆ ಶಾಸ್ತ್ರ ಓದಿದವನಲ್ಲ. ಆದರೆ ಚಹಾದಲ್ಲಿ ಬೆಂದ ಹಣ್ಣಿನಲ್ಲಿ ಆ ಮೂರೂ ಇವೆ ಎಂಬುದು ನಾಲಿಗೆಗೇ ಗೊತ್ತಾಗುತ್ತದೆ. ಹಿಮಾಚಲ ಮತ್ತು ಕಾಶ್ಮೀರದ ಸೇಬು ಮಾರುಕಟ್ಟೆಗೆ ಧಾರಾಳವಾಗಿ ಬರುವುದೂ ಇದೇ ಕಾಲದಲ್ಲಿ. ಚಹಾ ಪಕ್ಕದ ನೀಲಗಿರಿಯದಾದರೆ ಇನ್ನೂ ಒಳ್ಳೆಯದು. ಅದರ ಡಿಕಾಕ್ಷನ್ ತಿಳಿಯಾಗಿಯೂ ಪರಿಮಳವಾಗಿಯೂ ಇರುತ್ತದೆ.

ಹೆಸರಿನ ಗೊಂದಲವೊಂದನ್ನು ಮೊದಲೇ ಬಿಡಿಸಿಬಿಡೋಣ. ಉತ್ತರ ಕರ್ನಾಟಕದವರು ಪೇರಲ ಎನ್ನುವುದು, ಕರಾವಳಿಯವರು ಪೇರಳೆ ಎನ್ನುವುದು ನಮ್ಮ ಸೀಬೆಹಣ್ಣನ್ನು. ಪೇರ್ಸ್ ಅಥವಾ ಮರಸೇಬು ಬೇರೆ. ಎರಡೂ ಒಳ್ಳೆಯ ಹಣ್ಣೇ. ಆದರೆ ಎರಡರ ಕೆಲಸ ಬೇರೆ, ತಿನ್ನುವ ಹೊತ್ತೂ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಬೇಕಾಗುವ ಸಾಮಾನು

ಎಂಟು ಜನರಿಗೆ, ಒಬ್ಬೊಬ್ಬರಿಗೆ ಅರ್ಧ ಹಣ್ಣಿನಂತೆ:

ಸೇಬು ಅಥವಾ ಗಟ್ಟಿಯಾದ ಮರಸೇಬು – ಮಧ್ಯಮ ಗಾತ್ರದ 4 (ಸುಮಾರು 600 ಗ್ರಾಂ)
ನೀರು – 3 ಲೋಟ (ಸುಮಾರು 600 ಮಿಲಿ ಲೀಟರ್)
ಟೀ ಪುಡಿ – 2 ಚಹಾ ಚಮಚ
ಸಕ್ಕರೆ ಅಥವಾ ಬೆಲ್ಲದ ಪುಡಿ – 6 ಚಹಾ ಚಮಚ (ಸುಮಾರು 30 ಗ್ರಾಂ)
ಚಕ್ಕೆ – ಒಂದು ಅಂಗುಲದ ತುಂಡು
ಲವಂಗ – 2, ಏಲಕ್ಕಿ – 2
ಜಜ್ಜಿದ ಶುಂಠಿ – ಚಿಕ್ಕ ತುಂಡು
ನಿಂಬೆರಸ – 1 ಚಹಾ ಚಮಚ

ಅಡುಗೆ ಪುಸ್ತಕಗಳಲ್ಲಿ ಇದಕ್ಕೆ ಇದರ ಹಲವು ಪಟ್ಟು ಸಕ್ಕರೆ ಹೇಳಿರುವುದನ್ನು ನೀವು ನೋಡಬಹುದು. ಅಷ್ಟು ಬೇಡ. ಹಣ್ಣಿನಲ್ಲೇ ನೂರಕ್ಕೆ ಹತ್ತು ಭಾಗದಷ್ಟು ಸಕ್ಕರೆ ಇದೆ. ಬೆಂದಾಗ ಅದರ ಸಿಹಿ ನಾಲಿಗೆಗೆ ಚೆನ್ನಾಗಿ ಎದ್ದು ತೋರುತ್ತದೆ.

ಮಾಡುವ ಕ್ರಮ

1. ಪೂಜೆಗಿಟ್ಟ ಹಣ್ಣಾದರೆ ಅರಿಶಿನ ಕುಂಕುಮ ಪೂರ್ತಿ ಹೋಗುವಂತೆ ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಇಂದಿನ ಕುಂಕುಮ ಬಹಳಷ್ಟು ಕೃತಕ ಬಣ್ಣದ್ದು, ಹೊಟ್ಟೆಗೆ ಹೋಗುವಂಥದ್ದಲ್ಲ. ಅಂಥ ಹಣ್ಣಿನ ಸಿಪ್ಪೆ ತೆಗೆದುಬಿಡುವುದೇ ಲೇಸು. ಅಂಗಡಿಯಿಂದ ತಂದ ಹಣ್ಣಾದರೆ, ಹಲ್ಲು ಗಟ್ಟಿ ಇರುವವರಿಗೆ ಸಿಪ್ಪೆಸಹಿತ ಬೇಯಿಸಬಹುದು. ನಾರು ಹೆಚ್ಚು ಸಿಗುತ್ತದೆ.

2. ಹಣ್ಣನ್ನು ಎರಡು ಅಥವಾ ನಾಲ್ಕು ಹೋಳು ಮಾಡಿ ಬೀಜ ಮತ್ತು ನಡುವಿನ ಗಟ್ಟಿ ಭಾಗ ತೆಗೆಯಿರಿ. ಪೆಟ್ಟು ಬಿದ್ದು ಕಂದಿದ ಜಾಗವಿದ್ದರೆ ಕತ್ತರಿಸಿ ಹಾಕಿ ಉಳಿದದ್ದನ್ನು ಬಳಸಬಹುದು. ಬೂಷ್ಟು ಹಿಡಿದ ಅಥವಾ ಒಳಗೆ ಕೊಳೆತ ಹಣ್ಣನ್ನು ಮಾತ್ರ ಇಡಿಯಾಗಿ ಎಸೆಯಿರಿ. ಬೂಷ್ಟು ಬಿಡುವ ವಿಷಾಂಶ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

3. ಸ್ಟೀಲ್ ಪಾತ್ರೆಯಲ್ಲಿ ನೀರು, ಚಕ್ಕೆ, ಲವಂಗ, ಏಲಕ್ಕಿ, ಶುಂಠಿ ಹಾಕಿ ಕುದಿಸಿ. ಐದು ನಿಮಿಷ ಕುದಿದ ಮೇಲೆ ಒಲೆ ಆರಿಸಿ ಟೀ ಪುಡಿ ಹಾಕಿ ಮುಚ್ಚಿಡಿ. ಸಣ್ಣ ಕಾಳಿನ ಪುಡಿಯಾದರೆ ಎರಡು ನಿಮಿಷ, ಎಲೆ ಚಹಾ ಆದರೆ ನಾಲ್ಕು ನಿಮಿಷ ಸಾಕು. ಹೋಟೆಲ್ ಟೀಯಂತೆ ಪುಡಿಯನ್ನು ಕುದಿಸಬೇಡಿ. ಕುದಿಸಿದಷ್ಟೂ ಒಗರು ಹೆಚ್ಚುತ್ತದೆ. ಹಾಲು ಹಾಕಿ ಮಾಡುವ ಟೀಗೆ ಅದು ನಡೆಯುತ್ತದೆ, ಹಣ್ಣಿಗೆ ನಡೆಯುವುದಿಲ್ಲ.

4. ಶೋಧಿಸಿ ಮತ್ತೆ ಅದೇ ಪಾತ್ರೆಗೆ ಹಾಕಿ, ಸಕ್ಕರೆ ಕರಗಿಸಿ, ನಿಂಬೆರಸ ಸೇರಿಸಿ.

5. ಹೋಳುಗಳನ್ನು ಹಾಕಿ ಸಣ್ಣ ಉರಿಯಲ್ಲಿಡಿ. ಅಂಚಿನಲ್ಲಿ ಒಂದೊಂದು ಗುಳ್ಳೆ ಏಳುತ್ತಿರಬೇಕು, ಕೊತಕೊತ ಕುದಿಯಬಾರದು. ಹೋಳು ತೇಲದಂತೆ ಮೇಲೊಂದು ಚಿಕ್ಕ ತಟ್ಟೆ ಇಟ್ಟರೆ ಎಲ್ಲ ಕಡೆ ಸಮನಾಗಿ ಬಣ್ಣ ಹಿಡಿಯುತ್ತದೆ. ಸೇಬಿಗೆ ಹತ್ತರಿಂದ ಹದಿನೈದು ನಿಮಿಷ, ಗಟ್ಟಿ ಮರಸೇಬಿಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಚಾಕುವಿನ ತುದಿ ತಡೆಯಿಲ್ಲದೆ ಇಳಿದರೆ ಬೆಂದಿದೆ ಎಂದರ್ಥ.

6. ಅದೇ ನೀರಿನಲ್ಲಿ ಆರಲು ಬಿಡಿ. ಆರುವಾಗಲೇ ಚಹಾದ ಬಣ್ಣವೂ ಮಸಾಲೆಯ ಪರಿಮಳವೂ ಒಳಗಿಳಿಯುತ್ತವೆ. ಬಡಿಸುವಾಗ ಹಣ್ಣನ್ನು ಎತ್ತಿಟ್ಟು ಮೇಲೆ ಎರಡು ಚಮಚ ನೀರು ಹಾಕಿದರೆ ಸಾಕು. ಬೇಕೆನಿಸಿದರೆ ಪಕ್ಕದಲ್ಲಿ ಒಂದು ಚಮಚ ಗಟ್ಟಿ ಮೊಸರು. ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ. ಹೊರಗೆ ರಾತ್ರಿಯಿಡೀ ಬಿಡಬೇಡಿ.

ಪೂರ್ತಿ ಮಾಗಿದ ಬಾಳೆಹಣ್ಣು, ಪಪ್ಪಾಯ ಇದಕ್ಕೆ ಆಗದು, ಕದಡಿಹೋಗುತ್ತವೆ. ಸೀತಾಫಲವನ್ನು ಹಾಗೆಯೇ ತಿನ್ನುವುದು ಚೆಂದ.

ಬೆಂದಾಗ ಹಣ್ಣಿನೊಳಗೆ ಆಗುವುದೇನು?

ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಜ್ಯಾಮ್ ಗಟ್ಟಿಯಾಗುವುದು ಇದರಿಂದಲೇ. ಬಿಸಿ ತಗುಲಿದಾಗ ಈ ಅಂಟು ಸ್ವಲ್ಪ ಸ್ವಲ್ಪವಾಗಿ ಕರಗಿ ಹಣ್ಣು ಮೆತ್ತಗಾಗುತ್ತದೆ. ಜೋರಾಗಿ ಕುದಿಸಿದರೆ ಹೊರಗಿನ ಭಾಗ ಕದಡಿಹೋಗಿ ಒಳಗೆ ಗಟ್ಟಿ ಉಳಿಯುತ್ತದೆ. ಅದಕ್ಕೇ ಸಣ್ಣ ಉರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಆದ್ದರಿಂದ ಪರದೇಶದ ಪುಸ್ತಕದಲ್ಲಿ ಬರೆದ ಹೊತ್ತಿಗಿಂತ ಒಂದೆರಡು ನಿಮಿಷ ಹೆಚ್ಚು ಬೇಕಾದರೆ ಗಾಬರಿ ಬೇಡ. ನಿಂಬೆಯ ಹುಳಿ ಪೆಕ್ಟಿನ್ ಕರಗುವುದನ್ನು ತುಸು ತಡೆಯುತ್ತದೆ, ಹೋಳು ಆಕಾರ ಬಿಡುವುದಿಲ್ಲ.

ಬೇಯಿಸಿದರೆ ಸತ್ವ ಹೋಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಬಿಸಿಗೆ ಮತ್ತು ನೀರಿಗೆ ನಷ್ಟವಾಗುವುದು ಮುಖ್ಯವಾಗಿ ‘ಸಿ’ ಜೀವಸತ್ವ. ಸೇಬು, ಮರಸೇಬುಗಳಲ್ಲಿ ಅದಿರುವುದೇ ಅತ್ಯಲ್ಪ, 100 ಗ್ರಾಂಗೆ ಸುಮಾರು 5 ಮಿಲಿಗ್ರಾಂ. ಹೋದರೂ ಹೆಚ್ಚೇನೂ ಹೋಗಲಿಲ್ಲ. ಸೀಬೆಹಣ್ಣಿನ ಮಾತು ಬೇರೆ. ಅದರಲ್ಲಿ 100 ಗ್ರಾಂಗೆ 200 ಮಿಲಿಗ್ರಾಂ ಆಸುಪಾಸು ‘ಸಿ’ ಜೀವಸತ್ವವಿದೆ. ಅದನ್ನು ಬೇಯಿಸುವುದು ನಷ್ಟದ ವ್ಯವಹಾರ. ಹಾಗಾಗಿ ಸೇಬು, ಮರಸೇಬನ್ನು ಬೇಯಿಸಿ. ಸೀಬೆಯನ್ನು ಹಸಿಯಾಗಿಯೇ ತಿನ್ನಿ. ನಾರಿನಂಶ ಬೇಯಿಸಿದರೂ ಬಹುಮಟ್ಟಿಗೆ ಉಳಿಯುತ್ತದೆ.

ಯಾರಿಗೆ ಒಳ್ಳೆಯದು?

ಹಲ್ಲು ಬಿದ್ದ ವೃದ್ಧರು: ನಮ್ಮ ಚಿಕಿತ್ಸಾಲಯಕ್ಕೆ ಬರುವ ಹಿರಿಯರನ್ನು ಹಣ್ಣು ತಿನ್ನುತ್ತೀರಾ ಎಂದು ಕೇಳಿದರೆ, ‘ಹಲ್ಲೇ ಇಲ್ಲವಲ್ಲ ಡಾಕ್ಟ್ರೇ, ಬಾಳೆಹಣ್ಣೊಂದು ಬಿಟ್ಟರೆ ಇನ್ನೇನು ತಿನ್ನಲಿ’ ಎನ್ನುತ್ತಾರೆ. ಹಲ್ಲು ಹೋದವರು ಮೊದಲು ಹಣ್ಣು ಬಿಡುತ್ತಾರೆ, ಆಮೇಲೆ ತರಕಾರಿ ಬಿಡುತ್ತಾರೆ, ಕೊನೆಗೆ ಅನ್ನ ಸಾರು, ಬ್ರೆಡ್ಡು, ಟೀಗೆ ಬಂದು ನಿಲ್ಲುತ್ತಾರೆ. ಮಲಬದ್ಧತೆ ಶುರುವಾಗುತ್ತದೆ, ತೂಕ ಇಳಿಯುತ್ತದೆ, ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಅಂಥವರಿಗೆ ದಿನಕ್ಕೆ ಅರ್ಧ ಬೆಂದ ಹಣ್ಣು ದೊಡ್ಡ ಉಪಕಾರ. ಚಮಚದಲ್ಲೇ ಕತ್ತರಿಸಬಹುದು, ಒಸಡಿನಲ್ಲೇ ಅರೆಯಬಹುದು. ಹೊಸದಾಗಿ ಹಲ್ಲಿನ ಸೆಟ್ ಹಾಕಿಸಿಕೊಂಡು ಬಾಯಿ ನೋಯುತ್ತಿರುವವರಿಗೂ ಇದು ಹಿತ. ಒಂದು ಎಚ್ಚರಿಕೆ: ಆರು ತಿಂಗಳಲ್ಲಿ ಕಾರಣವಿಲ್ಲದೆ ನಾಲ್ಕೈದು ಕಿಲೋ ಇಳಿದ ಹಿರಿಯರಿಗೆ ಹಣ್ಣು ಕೊಟ್ಟು ಕೂರಬೇಡಿ, ವೈದ್ಯರಿಗೆ ತೋರಿಸಿ.

ಮಲಬದ್ಧತೆ ಇರುವವರು: ಮರಸೇಬಿನಲ್ಲಿ 100 ಗ್ರಾಂಗೆ ಸುಮಾರು 3 ಗ್ರಾಂ ನಾರಿದೆ. ಜೊತೆಗೆ ಸಾರ್ಬಿಟಾಲ್ ಎಂಬ ಅಂಶವಿದೆ. ಅದು ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಸಡಿಲಗೊಳಿಸುತ್ತದೆ. ಇದೇ ಕಾರಣಕ್ಕೆ, ಸ್ವಲ್ಪ ತಿಂದರೂ ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನುವವರು ಕಾಲು ಹಣ್ಣಿನಿಂದ ಆರಂಭಿಸಿ ನೋಡಬೇಕು.

ಚಿಕ್ಕ ಮಕ್ಕಳು: ಮೂರು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹಸಿ ಸೇಬಿನ ಗಟ್ಟಿ ಹೋಳು ಅಪಾಯ. ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬೆಂದ ಸೇಬು ಸುರಕ್ಷಿತ. ಆದರೆ ಮಕ್ಕಳಿಗೆ ಚಹಾ ಬೇಡ. ಒಂದೆರಡು ಹೋಳುಗಳನ್ನು ಬೇರೆ ಪಾತ್ರೆಯಲ್ಲಿ ಬರೀ ನೀರು, ಏಲಕ್ಕಿ ಹಾಕಿ ಬೇಯಿಸಿ ಹಿಸುಕಿ ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಸಕ್ಕರೆಯೂ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ.

ಜ್ವರದಿಂದ ಎದ್ದವರು: ಈ ತಿಂಗಳುಗಳಲ್ಲಿ ನೆಗಡಿ, ಕೆಮ್ಮು, ಜ್ವರ ಮನೆಮನೆಯಲ್ಲಿ. ಬಾಯಿ ಕೆಟ್ಟು ಊಟ ಸೇರದವರಿಗೆ ಬೆಚ್ಚಗಿನ ಬೆಂದ ಹಣ್ಣು ಸಲೀಸಾಗಿ ಒಳಗೆ ಹೋಗುತ್ತದೆ. ಇದು ಔಷಧವಲ್ಲ, ರುಚಿ ಬರಿಸುವ ಉಪಾಯ.

ಚಹಾ ಮತ್ತು ಕಬ್ಬಿಣ: ಇದನ್ನು ಮರೆಯಬೇಡಿ

ಮೇಲೆ ಸ್ಟೀಲ್ ಪಾತ್ರೆ ಎಂದು ಹೇಳಿದ್ದು ಸುಮ್ಮನಲ್ಲ. ಕಬ್ಬಿಣದ ಬಾಣಲೆಯಲ್ಲಿ ಈ ತಿನಿಸು ಮಾಡಿದರೆ ನೀರು ಮಸಿಯಂತೆ ಕಪ್ಪಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಅಂಶ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರು. ಅಳಲೆಕಾಯಿಯ ಒಗರಿಗೂ ಚಹಾದ ಒಗರಿಗೂ ಕಾರಣ ಒಂದೇ ಜಾತಿಯ ವಸ್ತುಗಳು. ಅವಕ್ಕೆ ಟ್ಯಾನಿನ್ ಎಂದು ಹೆಸರು. ಟ್ಯಾನಿನ್ ಕಬ್ಬಿಣವನ್ನು ಕಂಡರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ.

ಬಾಣಲೆಯಲ್ಲಿ ಆಗುವುದೇ ಹೊಟ್ಟೆಯಲ್ಲೂ ಆಗುತ್ತದೆ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೊದಲೇ ಕಷ್ಟಪಟ್ಟು ರಕ್ತಕ್ಕೆ ಸೇರುವಂಥದ್ದು. ಊಟದ ಜೊತೆಗೋ ಊಟವಾದ ಕೂಡಲೆಯೋ ಒಂದು ಲೋಟ ಚಹಾ ಕುಡಿದರೆ ಅದರಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಮಲದಲ್ಲೇ ಹೋಗಿಬಿಡುತ್ತದೆ. ಮುದ್ದೆ, ಬಸ್ಸಾರು ಉಂಡು ಮೇಲೆ ಟೀ ಕುಡಿದವರು ಸೊಪ್ಪಿನ ಲಾಭವನ್ನು ತಾವೇ ಕೈಯಾರೆ ಕಳೆದುಕೊಂಡಂತೆ.

ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡ ಎಂದೇ ಹೇಳಿದೆ.

ನಮ್ಮ ಬಡಾವಣೆಯ ಹೊಲಿಗೆ ಕಾರ್ಖಾನೆಗೆ ಹೋಗುವ ಒಬ್ಬ ಹೆಣ್ಣುಮಗಳ ಉದಾಹರಣೆ ಹೇಳುತ್ತೇನೆ. ಹಿಮೋಗ್ಲೋಬಿನ್ ಎಂಟೂವರೆಯ ಹತ್ತಿರ. ಮೆಟ್ಟಿಲು ಹತ್ತಿದರೆ ಏದುಸಿರು. ನಾಲ್ಕು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೂ ಏರಿಕೆಯಿಲ್ಲ. ಮಾತ್ರೆ ಹೇಗೆ ತಗೋತೀಯಮ್ಮ ಎಂದು ಕೇಳಿದಾಗ ಗುಟ್ಟು ಹೊರಬಿತ್ತು. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಓಡುವ ಮುಂಚೆ, ವಾಕರಿಕೆ ಬಾರದಿರಲೆಂದು, ಮಾತ್ರೆಯನ್ನು ಟೀ ಜೊತೆ ನುಂಗುತ್ತಿದ್ದಳು. ಕೆಲವು ದಿನ ಮಲಬದ್ಧತೆಯಾಗುತ್ತದೆಂದು ಮಾತ್ರೆಯನ್ನೇ ಬಿಡುತ್ತಿದ್ದಳು. ಮಾತ್ರೆ ಬದಲಾಯಿಸಲಿಲ್ಲ, ಹೊತ್ತು ಮಾತ್ರ ಬದಲಾಯಿಸಿದೆವು. ರಾತ್ರಿ ಊಟವಾಗಿ ಒಂದೂವರೆ ಗಂಟೆ ಬಿಟ್ಟು ನಿಂಬೆ ಹಿಂಡಿದ ನೀರಿನಲ್ಲಿ ಮಾತ್ರೆ. ಮಧ್ಯಾಹ್ನದ ಡಬ್ಬಿಯಲ್ಲಿ ಅರ್ಧ ಸೀಬೆಹಣ್ಣು. ಟೀ ಬೆಳಿಗ್ಗೆ ಒಂದು, ಸಂಜೆ ನಾಲ್ಕಕ್ಕೆ ಒಂದು, ತಿಂಡಿ ಊಟದಿಂದ ದೂರ. ಮುಟ್ಟಿನ ರಕ್ತಸ್ರಾವ ಹೆಚ್ಚಾಗಿಲ್ಲವೆಂದು ಖಾತ್ರಿ ಮಾಡಿಕೊಂಡು ಜಂತುಹುಳಕ್ಕೂ ಮಾತ್ರೆ ಕೊಟ್ಟೆವು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಹನ್ನೊಂದು ದಾಟಿತು.

ಆದ್ದರಿಂದ ಚಹಾದ ಹಣ್ಣನ್ನು ಊಟದ ಕೊನೆಯ ಸಿಹಿಯಾಗಿ ಬಡಿಸಬೇಡಿ. ಇದರಲ್ಲಿ ಚಹಾ ತೆಳುವಾಗಿದೆ, ತಿನ್ನುವವರ ಪಾಲಿಗೆ ಬರುವುದು ಸ್ವಲ್ಪವೇ. ಆದರೂ ರೂಢಿ ಸರಿಯಿರಲಿ. ಇದರ ಹೊತ್ತು ಸಂಜೆ ನಾಲ್ಕರಿಂದ ಐದು, ಬಜ್ಜಿ ಬೋಂಡಾದ ಜಾಗ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಮಾತ್ರೆಯಿಂದ ಮಲಬದ್ಧತೆ ಆಗುವವರಿಗೆ ಸಂಜೆಯ ಅರ್ಧ ಮರಸೇಬು ಎರಡು ರೀತಿ ಸಹಾಯ: ಹೊಟ್ಟೆಯೂ ಸಡಿಲ, ಮಾತ್ರೆ ಬಿಡುವ ನೆಪವೂ ಇಲ್ಲ.

ನೆನಪಿಗೆ ಒಂದು ಸುಲಭ ಸೂತ್ರ: ಊಟದ ಜೊತೆ ಸೀಬೆ, ಸಂಜೆಗೆ ಚಹಾದ ಹಣ್ಣು. ಸೀಬೆಯ ‘ಸಿ’ ಜೀವಸತ್ವ ಕಬ್ಬಿಣವನ್ನು ರಕ್ತಕ್ಕೆ ಸೇರಿಸುತ್ತದೆ. ಚಹಾ ಅದನ್ನು ತಡೆಯುತ್ತದೆ. ಒಂದು ಊಟದ ಬಳಿ ಇರಲಿ, ಇನ್ನೊಂದು ದೂರವಿರಲಿ.

ಸಕ್ಕರೆ ಕಾಯಿಲೆ ಇರುವವರು

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ, ನಾವು ಮೇಲಿನಿಂದ ಸೇರಿಸಿಕೊಳ್ಳುವ ಸಕ್ಕರೆ ದಿನದ ಶಕ್ತಿಯ ನೂರಕ್ಕೆ ಹತ್ತು ಭಾಗ ಮೀರಬಾರದು, ಐದರೊಳಗಿದ್ದರೆ ಉತ್ತಮ. ಐದು ಭಾಗವೆಂದರೆ ಸುಮಾರು 25 ಗ್ರಾಂ, ಐದಾರು ಚಹಾ ಚಮಚ. ದಿನಕ್ಕೆ ನಾಲ್ಕು ಲೋಟ ಟೀ ಕುಡಿಯುವವರ ಲೆಕ್ಕ ಟೀಯಲ್ಲೇ ಮುಗಿದುಹೋಗುತ್ತದೆ. ನಮ್ಮ ತಿನಿಸಿನಲ್ಲಿ ಒಬ್ಬರ ಪಾಲಿಗೆ ಒಂದು ಚಮಚಕ್ಕಿಂತ ಕಡಿಮೆ ಸಕ್ಕರೆ ಬರುತ್ತದೆ. ಅರ್ಧ ಹಣ್ಣೂ ಸೇರಿ ಸುಮಾರು 60 ಕ್ಯಾಲೊರಿ. ಒಂದು ಸಾಧಾರಣ ಗಾತ್ರದ ಜಾಮೂನಿನಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು.

ಆದರೂ ಮಧುಮೇಹಿಗಳು ಇದನ್ನು ‘ಸಕ್ಕರೆ ಕಾಯಿಲೆಯವರ ಸಿಹಿ’ ಎಂದುಕೊಂಡು ಬಟ್ಟಲುಗಟ್ಟಲೆ ತಿನ್ನುವಂತಿಲ್ಲ. ಹಸಿ ಹಣ್ಣಿಗಿಂತ ಬೆಂದ ಹಣ್ಣಿನ ಸಕ್ಕರೆ ರಕ್ತಕ್ಕೆ ತುಸು ಬೇಗ ಸೇರುತ್ತದೆ. ನೀವು ಮಾಡಬೇಕಾದ್ದು ಇಷ್ಟು: ನಿಮ್ಮ ಪಾಲನ್ನು ಸಕ್ಕರೆ ಹಾಕದೆ ಬೇರೆ ಬೇಯಿಸಿ, ಅಥವಾ ಹಣ್ಣಿನ ಸಿಹಿಯೇ ಸಾಕೆಂದು ಇಡೀ ಮನೆಗೆ ಹಾಗೆಯೇ ಮಾಡಿ. ಅರ್ಧ ಹಣ್ಣಿಗೆ ನಿಲ್ಲಿಸಿ. ಸಕ್ಕರೆ ಹಾಕಿದ ನೀರನ್ನು ಕುಡಿಯಬೇಡಿ. ಅಂದಿನ ಬೇರೆ ಹಣ್ಣಿನ ಬದಲಿಗೆ ಇದನ್ನು ತಿನ್ನಿ, ಅದರ ಜೊತೆಗಲ್ಲ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ತಿಂದ ಎರಡು ಗಂಟೆಗೆ ಒಮ್ಮೆ ನೋಡಿಕೊಳ್ಳಿ. ಯಾರ ಮಾತಿಗಿಂತಲೂ ನಿಮ್ಮ ರಕ್ತದ ಮಾತು ನಿಜ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಮಧುಮೇಹಿಗಳಿಗೆ ತೊಂದರೆಯಿಲ್ಲವೇ?
ತೊಂದರೆ ಇದೆ. ರುಚಿ ಬೇರೆ, ಬಣ್ಣ ಬೇರೆ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಎರಡೂ ಅಣ್ಣತಮ್ಮಂದಿರೇ. ಜೇನುತುಪ್ಪಕ್ಕೂ ಇದೇ ಮಾತು.

ಚಕ್ಕೆ ಹಾಕಿದರೆ ಸಕ್ಕರೆ ಇಳಿಯುತ್ತದೆ ಎನ್ನುತ್ತಾರಲ್ಲ?
ಮೊಬೈಲಿನಲ್ಲಿ ಓಡಾಡುವ ಮಾತದು. ಚಕ್ಕೆ ಪರಿಮಳಕ್ಕೆ, ಮಾತ್ರೆಯ ಬದಲಿಗಲ್ಲ. ಚಕ್ಕೆ ಪುಡಿಯನ್ನು ದಿನವೂ ಚಮಚಗಟ್ಟಲೆ ತಿನ್ನುವುದು ಒಳ್ಳೆಯದಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಕ್ಕೆಯಲ್ಲಿರುವ ಕೂಮರಿನ್ ಎಂಬ ಅಂಶ ಹೆಚ್ಚಾದರೆ ಯಕೃತ್ತಿಗೆ ತೊಂದರೆ ಕೊಡಬಹುದು. ಅಡುಗೆಗೆ ಹಾಕುವ ಒಂದು ತುಂಡಿನಿಂದ ಭಯವಿಲ್ಲ.

ಗರ್ಭಿಣಿಯರು ತಿನ್ನಬಹುದೇ?
ತಿನ್ನಬಹುದು. ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಒಳಗಿನ ಕೆಫೀನ್ ಮಿತಿ. ಅರ್ಧ ಹಣ್ಣು, ಎರಡು ಚಮಚ ನೀರಿನಲ್ಲಿ ಒಂದು ಲೋಟ ಟೀಗಿಂತ ಬಹಳ ಕಡಿಮೆ ಕೆಫೀನ್ ಇರುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಗೂ ಇದಕ್ಕೂ ಎರಡು ಗಂಟೆಯ ಅಂತರ ಕಡ್ಡಾಯ.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ, ಚಹಾ ಆಗುತ್ತದೆಯೇ?
ಬೆಳಿಗ್ಗೆ ಬರಿಹೊಟ್ಟೆಗೆ ನೀರಿನಲ್ಲಿ ಮಾತ್ರೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಟೀ, ತಿಂಡಿ. ಸಂಜೆಯ ಹಣ್ಣಿಗೆ ಅಡ್ಡಿಯಿಲ್ಲ.

ಮೂತ್ರಪಿಂಡದ ಕಾಯಿಲೆಯವರು?
ಸೇಬು, ಮರಸೇಬು ಪೊಟ್ಯಾಸಿಯಂ ಕಡಿಮೆ ಇರುವ ಹಣ್ಣುಗಳು. ಬೇಯಿಸಿದಾಗ ಅದರಲ್ಲೂ ಒಂದು ಭಾಗ ನೀರಿಗೆ ಇಳಿಯುತ್ತದೆ. ನೀರನ್ನು ಚೆಲ್ಲಿ ಹಣ್ಣನ್ನು ಮಾತ್ರ ತಿನ್ನಬೇಕು. ಎಷ್ಟು ಎಂಬುದನ್ನು ನಿಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಭೇದಿಯಾದಾಗ ಬೆಂದ ಸೇಬು ಕೊಡಬಹುದೇ?
ಸಿಪ್ಪೆ ತೆಗೆದು ಸಕ್ಕರೆ ಹಾಕದೆ ಬೇಯಿಸಿದ ಸೇಬು ಸ್ವಲ್ಪ ಕೊಡಬಹುದು. ಮರಸೇಬು ಬೇಡ. ಆದರೆ ಭೇದಿಗೆ ಮೊದಲ ಮದ್ದು ಓಆರ್‌ಎಸ್ ನೀರು. ಅದನ್ನು ಬಿಟ್ಟು ಹಣ್ಣು ಬೇಯಿಸುತ್ತ ಕೂರಬಾರದು.

ರಾತ್ರಿ ಮಲಗುವ ಮುನ್ನ ತಿನ್ನಬಹುದೇ?
ನಿದ್ದೆ ಸರಿಯಾಗಿ ಬಾರದವರು ಬೇಡ. ಕೆಫೀನ್ ಅಲ್ಪವಾದರೂ ಕೆಲವರ ದೇಹಕ್ಕೆ ಅಷ್ಟೇ ಸಾಕು. ಆಸೆಯಾದರೆ ಚಹಾದ ಬದಲು ಒಣಗಿದ ದಾಸವಾಳದ ದಳ ಅಥವಾ ತುಳಸಿ ಎಲೆ ಹಾಕಿದ ನೀರಿನಲ್ಲಿ ಬೇಯಿಸಿ. ಬಣ್ಣವೂ ಪರಿಮಳವೂ ಬರುತ್ತದೆ, ನಿದ್ದೆಯೂ ಬರುತ್ತದೆ.

ಈ ದೀಪಾವಳಿಗೆ ಒಂದು ಸಲ ಮಾಡಿ ನೋಡಿ. ಹಬ್ಬದ ಹೋಳಿಗೆ, ಕಜ್ಜಾಯ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವವರಲ್ಲ. ಹಬ್ಬದ ದಿನ ಹಬ್ಬದ ಸಿಹಿ ಇರಲಿ. ಅದರ ಮರುದಿನದಿಂದ ವಾರವಿಡೀ ನಡೆಯುವ ಉಳಿದ ಸಿಹಿಯ ಸಮಾರಾಧನೆ ಇದೆಯಲ್ಲ, ಅದರ ಜಾಗಕ್ಕೆ ಇದು ಬರಲಿ. ಮಾಡಿದ ಮೇಲೆ ಮೊದಲ ಬಟ್ಟಲನ್ನು ಮನೆಯ ಅಜ್ಜ ಅಜ್ಜಿಗೆ ಕೊಡಿ. ಮನೆಯಲ್ಲಿ ಯಾರಾದರೂ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ, ಇಂದೇ ಕೇಳಿ: ಯಾವುದರ ಜೊತೆ ನುಂಗುತ್ತೀರಿ? ಟೀ ಜೊತೆ ಎಂಬ ಉತ್ತರ ಬಂದರೆ ಅದನ್ನು ಇಂದೇ ತಪ್ಪಿಸಿ.